ಕೊಂಡವರಿಗೆಲ್ಲ ಕಾರು ದಕ್ಕುವುದಿಲ್ಲ

ಎಂಜಿ ಎಂಬ ಎರಡಕ್ಷರದ ಲಾಂಛನ ಹೊತ್ತ ಕಾರುಗಳು ನಮ್ಮ ರಸ್ತೆಗಳಲ್ಲಿ ಈಗ ಅಪರೂಪವೇನಲ್ಲ. 2019ರಲ್ಲಿ ಭಾರತದ ಮಾರುಕಟ್ಟೆ ಪ್ರವೇಶಿಸಿದ, ಗುಜರಾತಿನ ಹಾಲೋಲ್‌ನಲ್ಲಿ ತಯಾರಾಗುವ ಈ ವಾಹನಗಳಿಗೂ ಆ ಅಕ್ಷರಗಳು ಹುಟ್ಟಿದ ಊರಿಗೂ ಇಂದು ಇರುವುದು ಹೆಸರಿನ ನಂಟು ಮಾತ್ರ. ಎಂಜಿ ಎಂದರೆ ಮಾರಿಸ್ ಗ್ಯಾರೇಜಸ್. ಅದು ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿದ್ದ, ವಿಲಿಯಂ ಮಾರಿಸ್ ಅವರಿಗೆ ಸೇರಿದ ಕಾರು ಮಾರಾಟ ಮತ್ತು ದುರಸ್ತಿಯ ಮಳಿಗೆ. 1920ರ ದಶಕದಲ್ಲಿ ಅದರ ವ್ಯವಸ್ಥಾಪಕರಾಗಿದ್ದ ಸೆಸಿಲ್ ಕಿಂಬರ್ ಸಾಧಾರಣ ಮಾರಿಸ್ ಕಾರುಗಳಿಗೆ ಹಗುರವಾದ, ಚುರುಕಾದ ಮೈಕಟ್ಟು ತೊಡಿಸಿ ಮಾರತೊಡಗಿದರು. 1929ರಲ್ಲಿ ಕಾರ್ಖಾನೆ ಸಮೀಪದ ಆಬಿಂಗ್ಡನ್‌ಗೆ ಬಂತು. ಮರುವರ್ಷವೇ ಈ ಕಾರಿನ ಒಡೆಯರು ಸೇರಿ ಎಂಜಿ ಕಾರ್ ಕ್ಲಬ್ ಕಟ್ಟಿಕೊಂಡರು. 1980ರ ಅಕ್ಟೋಬರಿನಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಕ್ಲಬ್ ಮಾತ್ರ ಇಂದಿಗೂ ಇದೆ.

ಈ ಕೊನೆಯ ಸಂಗತಿಯಲ್ಲಿ ನಮಗೊಂದು ಪಾಠವಿದೆ ಎಂದು ನನಗನ್ನಿಸುತ್ತದೆ. ತಯಾರಿಸಿದವನು ಕೈಬಿಟ್ಟ ಯಂತ್ರವನ್ನು ಬದುಕಿಸುವವರು ಯಾರು? ಅದನ್ನು ಕೊಂಡವರೇ ಎಂಬುದು ಸುಲಭದ ಉತ್ತರ. ಆದರೆ ಒಬ್ಬನು ಹಣ ಕೊಟ್ಟು ಕೊಳ್ಳುವುದು ಲೋಹ, ಗಾಜು, ರಬ್ಬರುಗಳ ಒಂದು ಒಟ್ಟಣೆಯನ್ನಷ್ಟೆ. ಅದನ್ನು ಓಡುವ ಕಾರನ್ನಾಗಿ ಉಳಿಸುವ ತಿಳಿವಳಿಕೆ ಹಲವರ ಕೈಗಳಲ್ಲಿ, ಕಿವಿಗಳಲ್ಲಿ, ನೆನಪುಗಳಲ್ಲಿ ಹಂಚಿಹೋಗಿರುತ್ತದೆ. ಆ ಬಳಗಕ್ಕೆ ಸೇರುವವರೆಗೆ ಹೊಸ ಒಡೆಯನಿಗೆ ಕಾರು ನಿಜವಾಗಿ ದಕ್ಕುವುದಿಲ್ಲ.

ಎಂಜಿಯ ಅತ್ಯಂತ ಜನಪ್ರಿಯ ಮಾದರಿಯಾದ ಎಂಜಿಬಿಯನ್ನೇ ತೆಗೆದುಕೊಳ್ಳೋಣ. 1962ರಿಂದ 1980ರವರೆಗೆ ಇಂಥ ಐದು ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು. ಇದು ಶ್ರೀಮಂತರ ಲಾಯದ ಕುದುರೆಯಾಗಿರಲಿಲ್ಲ. ಸಂಬಳದಾರರೂ ಆಸೆಪಡಬಹುದಾಗಿದ್ದ ಸ್ಪೋರ್ಟ್ಸ್ ಕಾರು ಇದು. ಇದನ್ನು ಮೊದಲ ಬಾರಿಗೆ ಕೊಂಡವನ ಮುಂದೆ ಎಂತೆಂಥ ಒಗಟುಗಳಿರುತ್ತವೆ ನೋಡಿ. 1967ರವರೆಗಿನ ಎಂಜಿಬಿಗಳಲ್ಲಿ ಬ್ಯಾಟರಿಯ ಧನ ತುದಿಯನ್ನು ಕಾರಿನ ಮೈಗೆ ಜೋಡಿಸಲಾಗುತ್ತಿತ್ತು. ಇಂದಿನ ಕಾರುಗಳಲ್ಲಿ ಜೋಡಿಸುವುದು ಋಣ ತುದಿಯನ್ನು. ಇದನ್ನು ಅರಿಯದೆ ಹೊಸ ರೇಡಿಯೊ ಒಂದನ್ನು ಕೂಡಿಸಿದರೆ ಅದು ಸುಟ್ಟುಹೋಗಬಹುದು. ಈ ಕಾರಿಗೆ ಪ್ರತ್ಯೇಕ ಚಾಸಿ ಇಲ್ಲ, ತೆರೆದ ಮಾದರಿಗೆ ಮಾಡಿನ ಆಸರೆಯೂ ಇಲ್ಲ. ಹೀಗಾಗಿ ಮೈಯ ಭಾರವನ್ನು ಹೊರುವುದು ಬಹುಮಟ್ಟಿಗೆ ಬಾಗಿಲುಗಳ ಕೆಳಗಿನ ಪೆಟ್ಟಿಗೆಯಂಥ ಪಟ್ಟಿಗಳು. ತುಕ್ಕು ಮೊದಲು ಕಚ್ಚುವುದೂ ಅಲ್ಲಿಯೇ. ಸರಿಯಾದ ಆಸರೆ ಕೊಡದೆ ಅವನ್ನು ಕತ್ತರಿಸಿದರೆ ಇಡೀ ಮೈ ಬಾಗಿ, ಮುಂದೆ ಬಾಗಿಲು ಹಾಕಲು ಬಾರದಂತಾಗುತ್ತದೆ. ಎರಡು ಎಸ್‌ಯು ಕಾರ್ಬ್ಯುರೇಟರುಗಳು ಸಮನಾಗಿ ಗಾಳಿ ಎಳೆಯುತ್ತಿವೆಯೇ ಎಂಬುದನ್ನು ಬಲ್ಲವರು ಒಂದು ರಬ್ಬರ್ ನಳಿಕೆಯನ್ನು ಕಿವಿಗಿಟ್ಟುಕೊಂಡು, ಎರಡರ ಸದ್ದನ್ನು ಹೋಲಿಸಿ ಹೇಳಿಬಿಡುತ್ತಾರೆ.

ಇನ್ನೂ ಹಳೆಯ ಟಿಸಿ ಮಾದರಿಯ ಕಥೆ ಮತ್ತಷ್ಟು ಸ್ವಾರಸ್ಯಕರ. 1945ರಿಂದ 1949ರ ನಡುವೆ ಸುಮಾರು ಹತ್ತು ಸಾವಿರದಷ್ಟು ತಯಾರಾದ ಈ ಕಾರಿನ ಎಂಜಿನ್ನಿನಲ್ಲಿ ಬೋಲ್ಟುಗಳ ಮರೆ ಮೆಟ್ರಿಕ್ ಅಳತೆಯದು, ತಲೆ ಮಾತ್ರ ಬ್ರಿಟಿಷ್ ವಿಟ್‌ವರ್ತ್ ಸ್ಪ್ಯಾನರಿನ ಅಳತೆಯದು. ಮಾರಿಸ್ 1923ರಲ್ಲಿ ಕೊಂಡ ಕವೆಂಟ್ರಿಯ ಎಂಜಿನ್ ಕಾರ್ಖಾನೆ ಫ್ರಾನ್ಸಿನ ಹಾಚ್‌ಕಿಸ್ ಕಂಪನಿಗೆ ಸೇರಿದ್ದು. ಯಂತ್ರಗಳು ಫ್ರೆಂಚ್ ಅಳತೆಯವು, ಊರಿನ ಮೆಕ್ಯಾನಿಕ್ಕುಗಳ ಕೈಯಲ್ಲಿದ್ದದ್ದು ಇಂಗ್ಲಿಷ್ ಸ್ಪ್ಯಾನರು. ಎರಡಕ್ಕೂ ರಾಜಿಯಾಗಿ ಈ ಬೆರಕೆ ಬೋಲ್ಟು ಹುಟ್ಟಿತು. ಇದನ್ನರಿಯದ ಹೊಸಬ ತಲೆಯ ಅಳತೆಯನ್ನೇ ನಂಬಿ ಇಂಗ್ಲಿಷ್ ಮರೆಯ ಬೋಲ್ಟನ್ನು ತುರುಕಿದರೆ, ಎಪ್ಪತ್ತೈದು ವರ್ಷ ಬಾಳಿದ ಎಂಜಿನ್ನಿನ ಮರೆ ಒಂದು ಮಧ್ಯಾಹ್ನದಲ್ಲಿ ಕೆಟ್ಟುಹೋಗುತ್ತದೆ. ಅವನನ್ನು ತಡೆಯುವುದು ಪಕ್ಕದಲ್ಲಿ ನಿಂತ ಹಿರಿಯ ಸದಸ್ಯನ ಒಂದೇ ಒಂದು ಮಾತು.

ಇಂಥ ಬಳಗಗಳ ಶಕ್ತಿಯನ್ನು ಕಡಿಮೆ ಎಣಿಸುವಂತಿಲ್ಲ. ಕಾರ್ಖಾನೆ ಮುಚ್ಚಿದ ಎಂಟು ವರ್ಷಗಳ ನಂತರ, 1988ರಲ್ಲಿ, ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆಯು ಎಂಜಿಬಿಯ ಮೂಲ ಅಚ್ಚುಗಳನ್ನು ಬಳಸಿ ಹೊಚ್ಚಹೊಸ ಮೈಗಳನ್ನು ಮತ್ತೆ ತಯಾರಿಸತೊಡಗಿತು. ಕೊಳ್ಳುವವರ ಸಂಘಟಿತ ಬಳಗವಿಲ್ಲದೆ ಹೋಗಿದ್ದರೆ ಯಾರೂ ಇಂಥ ಸಾಹಸಕ್ಕೆ ಹಣ ಹೂಡುತ್ತಿರಲಿಲ್ಲ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಲ್ಲಿ ಶೇ 10ರಷ್ಟು ಎಥೆನಾಲ್ ಬೆರೆತ ಪೆಟ್ರೋಲು ಸಾಮಾನ್ಯ ಇಂಧನವಾಯಿತು. ಎಥೆನಾಲ್ ಹಳೆಯ ರಬ್ಬರ್ ಕೊಳವೆಗಳನ್ನು ಹಾಳುಗೆಡವುತ್ತದೆ, ತೇವವನ್ನು ಹೀರಿಕೊಳ್ಳುತ್ತದೆ. ಯಾವ ಕೊಳವೆ ಬದಲಿಸಬೇಕು, ಯಾವ ಪೆಟ್ರೋಲು ಹಾಕಿಸಬೇಕು ಎಂಬ ಪ್ರಶ್ನೆಯೊಂದಿಗೆ ಒಬ್ಬಂಟಿ ಒಡೆಯ ಹೋಗುವುದಾದರೂ ಎಲ್ಲಿಗೆ?

ಆದರೆ ಈ ಬಳಗಗಳಿಗೂ ಒಂದು ರೋಗವುಂಟು. ಅದು ಮಡಿವಂತಿಕೆ. ಹೊಸಬನ ಕಾರಿನ ಬಣ್ಣ ಮೂಲದ್ದಲ್ಲ, ಚಕ್ರ ಆ ವರ್ಷದ್ದಲ್ಲ, ಒಳಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಕೂರಿಸಿದ್ದಾನೆ ಎಂದು ಮೂಗು ಮುರಿಯುವ ಹಿರಿಯರು ಪ್ರಪಂಚದಲ್ಲೆಲ್ಲ ಇದ್ದಾರೆ. ಮೂಲ ರೂಪದ ಕಾಳಜಿ ತಪ್ಪಲ್ಲ. ಅದಿಲ್ಲದೆ ಚರಿತ್ರೆಯೂ ಉಳಿಯದು. ಆದರೆ ಪ್ರಶ್ನೆ ಕೇಳಿ ನಗೆಪಾಟಲಾದವನು ಮತ್ತೆ ಕೇಳುವುದಿಲ್ಲ. ಅವನು ಕಾರಿಗೆ ಹೊದಿಕೆ ಹೊದಿಸಿ, ಒಂದು ದಿನ ಮಾರಿಬಿಡುತ್ತಾನೆ. ಬಲ್ಲವರಿಗೆ ವಯಸ್ಸಾಗುತ್ತಿದೆ. ಅವರ ಕಿವಿಯಲ್ಲಿರುವ ಆ ಸದ್ದಿನ ಲೆಕ್ಕ ಮುಂದಿನವರ ಕಿವಿಗೆ ದಾಟದೆ ಹೋದರೆ, ಉಳಿಯುವುದು ವಸ್ತುಸಂಗ್ರಹಾಲಯದಲ್ಲಿ ಹಗ್ಗದ ಆಚೆ ನಿಂತ ಮೂಕ ಕಾರು ಮಾತ್ರ.

ಇವು ಹೊಗೆ ಉಗುಳುವ ಹಳೆಯ ಗಾಡಿಗಳು, ಉಳಿಸಿ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಹೊಗೆಯ ಮಾತು ನಿಜ. ಆ ಕಾಲದ ಎಂಜಿನ್ನುಗಳಿಗೆ ಇಂದಿನ ಶುದ್ಧೀಕರಣ ಸಾಧನಗಳಿಲ್ಲ. ಆದರೆ ನಿತ್ಯದ ಓಡಾಟಕ್ಕಲ್ಲದೆ ಅಪರೂಪಕ್ಕೆ ಹೊರಬರುವ ವಾಹನವನ್ನು ದಿನವೂ ಓಡುವ ವಾಹನದ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಕೆಟ್ಟದ್ದನ್ನು ಎಸೆದು ಹೊಸದನ್ನು ತರುವುದೇ ರೂಢಿಯಾಗಿರುವ ಈ ಕಾಲದಲ್ಲಿ, ದುರಸ್ತಿ ಮಾಡಿ ಬಾಳಿಸುವ ವಿದ್ಯೆಗೆ ತನ್ನದೇ ಆದ ಬೆಲೆಯಿದೆ.

ಈ ಮಾತು ನಮಗೂ ಅನ್ವಯಿಸುತ್ತದೆ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗಾಗಿ ಪ್ರತ್ಯೇಕ ನಿಯಮ ತಂದಿತು. 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ವಾಹನಗಳಿಗೆ ವಿಎ ಎಂಬ ಅಕ್ಷರಗಳ ವಿಶೇಷ ನೋಂದಣಿ, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷಗಳ ಅವಧಿ. ರ‍್ಯಾಲಿ, ಪ್ರದರ್ಶನ, ದುರಸ್ತಿಯಂಥ ಕಾರಣಗಳಿಗಲ್ಲದೆ ಅವು ರಸ್ತೆಗಿಳಿಯುವಂತಿಲ್ಲ. ನಿಯಮ ಸ್ವಾಗತಾರ್ಹವೇ. ಆದರೆ ಅದು ಅಳೆಯುವುದು ಕಾರಿನ ವಯಸ್ಸನ್ನು, ರೂಪವನ್ನು. ಕಾರನ್ನು ಬಲ್ಲವರ ಲೆಕ್ಕ ಯಾವ ಕಡತದಲ್ಲೂ ಇಲ್ಲ.

ಬೆಂಗಳೂರಿನಲ್ಲಿ ಆ ಲೆಕ್ಕ ತೆಗೆಯಲು ಹೊರಟರೆ ನಾವು ತಲುಪುವುದು ಮೆರವಣಿಗೆಯ ಮುಂಚೂಣಿಯನ್ನಲ್ಲ, ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳನ್ನು, ಹಳೆಯ ಬಡಾವಣೆಗಳ ಗಲ್ಲಿ ಗ್ಯಾರೇಜುಗಳನ್ನು. ಸಿಗದ ಭಾಗವನ್ನು ಲೇತಿನಲ್ಲಿ ಕಡೆದು ಕೂರಿಸಬಲ್ಲ, ಬಾಗಿದ ತಗಡನ್ನು ಸುತ್ತಿಗೆಯಿಂದಲೇ ಮೊದಲಿನ ಆಕಾರಕ್ಕೆ ತರಬಲ್ಲ ಮೇಸ್ತ್ರಿಗಳು ಅಲ್ಲಿದ್ದಾರೆ. ಮಾಲೀಕರ ಸಂಘಗಳು ಇವರನ್ನು ಕೂಲಿ ಪಡೆದು ಹೋಗುವವರೆಂದು ನೋಡದೆ ಗೌರವ ಸದಸ್ಯರನ್ನಾಗಿ ಕರೆಯಬೇಕು. ಅವರ ಕೆಲಸವನ್ನು ಚಿತ್ರೀಕರಿಸಿ, ಅವರ ಮಾತನ್ನು ಕನ್ನಡದಲ್ಲಿ, ಉರ್ದುವಿನಲ್ಲಿ, ತಮಿಳಿನಲ್ಲಿ ಇರುವಂತೆಯೇ ದಾಖಲಿಸಿಡಬೇಕು. ಹೊಸದಾಗಿ ಸೇರಿದ ಪ್ರತಿಯೊಬ್ಬರಿಗೂ ಮೊದಲ ವರ್ಷದ ಮಟ್ಟಿಗೆ ಒಬ್ಬ ಹಿರಿಯರನ್ನು ಗೊತ್ತುಮಾಡಬೇಕು. ವರ್ಷಕ್ಕೊಂದು ರ‍್ಯಾಲಿಯಲ್ಲಿ ಬಾನೆಟ್ ಮುಚ್ಚಿ ಮೆರೆಯುವುದರ ಜೊತೆಗೆ, ತಿಂಗಳಿಗೊಂದು ಭಾನುವಾರ ಬಾನೆಟ್ ತೆರೆದು ಕೂರುವ ರೂಢಿ ಬೆಳೆಯಬೇಕು.

ಒಂದು ಸಂಘದ ಹಿರಿಮೆಯನ್ನು ಅದರ ಸದಸ್ಯರ ಬಳಿ ಎಷ್ಟು ಅಪರೂಪದ ಕಾರುಗಳಿವೆ ಎಂಬುದರಿಂದ ಅಳೆಯುವುದು ವಾಡಿಕೆ. ನನ್ನ ಅಳತೆಗೋಲು ಬೇರೆ. ಅಲ್ಲಿಗೆ ಮೊದಲ ಸಲ ಬಂದವನು, ಏನೂ ಗೊತ್ತಿಲ್ಲದವನು, ಅಂಜದೆ ಎಷ್ಟು ಪ್ರಶ್ನೆ ಕೇಳಬಲ್ಲ?