ಗಂಟಲು ಕಟ್ಟಿದ ಯಂತ್ರ

ಮೃಗಶಿರೆ ಮಳೆ ಹಿಡಿಯುವ ಮುನ್ನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ತೋಟಗಳಲ್ಲಿ ಒಂದು ದೃಶ್ಯ ವರ್ಷ ವರ್ಷವೂ ಕಾಣಸಿಗುತ್ತದೆ. ಪೀಪಾಯಿಯ ತುಂಬ ಮೈಲುತುತ್ತ-ಸುಣ್ಣದ ತಿಳಿನೀಲಿ ದ್ರಾವಣ ಸಿದ್ಧವಾಗಿದೆ. ಎಷ್ಟೋ ದಿನ ಕಾದ ಮೇಲೆ ದೊರೆತ ಕೊನೆಗೌಡ ಮರವೇರಲು ಅಣಿಯಾಗಿ ನಿಂತಿದ್ದಾನೆ. ಮನೆಯ ಯಜಮಾನ ಅಟ್ಟದಿಂದಿಳಿಸಿದ ಪೆಟ್ರೋಲ್ ಪಂಪಿನ ಹಗ್ಗವನ್ನು ಜಗ್ಗುತ್ತಾನೆ. ಯಂತ್ರ ಒಮ್ಮೆ ಕೆಮ್ಮಿ ಸುಮ್ಮನಾಗುತ್ತದೆ. ಇಪ್ಪತ್ತು ಸಲ ಜಗ್ಗಿದರೂ ಅದೇ ಕಥೆ.

“ಹೆಗಡೇರೆ, ಮೋಡ ಕಟ್ತಾ ಇದೆ” ಎನ್ನುತ್ತಾನೆ ಕೊನೆಗೌಡ.

“ಹೋದ ವರ್ಷ ಚೆನ್ನಾಗಿಯೇ ಇತ್ತಲ್ಲ!” ಎಂದು ಬೆವರೊರೆಸಿಕೊಳ್ಳುವುದಲ್ಲದೆ ಹೆಗಡೆಯವರಿಗೆ ಬೇರೆ ಮಾತು ತೋಚದು.

ಈ ವಿಳಂಬದ ಬೆಲೆ ಸಣ್ಣದಲ್ಲ. ಮಳೆಗಾಲದ ತೇವದಲ್ಲಿ ಹಬ್ಬುವ ಕೊಳೆರೋಗ ಎಳೆಯ ಅಡಿಕೆಯನ್ನು ರಾಶಿರಾಶಿಯಾಗಿ ಉದುರಿಸುತ್ತದೆ. ಹಿಂದೆ ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದರು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗವನ್ನು ಕುರಿತ ಪ್ರಬಂಧವನ್ನು ಪ್ರಕಟಿಸಿ, ಬೋರ್ಡೋ ದ್ರಾವಣದ ಸಿಂಪರಣೆಯನ್ನು ತೋಟಿಗರಿಗೆ ತೋರಿಸಿಕೊಟ್ಟರು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಇಂದಿಗೂ ಅದೇ ಪಾಕ. ಮಳೆ ಬಲಿಯುವ ಮುನ್ನ ಒಮ್ಮೆ, 40-45 ದಿನಗಳ ಬಳಿಕ ಇನ್ನೊಮ್ಮೆ ಹೊಡೆಯಬೇಕು. ಕಲಸಿದ್ದನ್ನು ಅಂದೇ ಬಳಸಿ ಮುಗಿಸಬೇಕು. ‘ಶಿರಸಿ ಸುಪಾರಿ’ ಎಂಬ ಹೆಸರಿನಿಂದ 2019ರಲ್ಲಿ ಭೌಗೋಳಿಕ ಮಾನ್ಯತೆ ಪಡೆದುದು ಈ ಮೂರು ತಾಲ್ಲೂಕುಗಳ ಬೆಳೆ. ಆ ಬೆಳೆಯ ಭಾಗ್ಯವು ಅಂದಿನ ಬೆಳಗಿನ ಮಟ್ಟಿಗೆ ಸೂಜಿಮೊನೆಯಷ್ಟು ರಂಧ್ರವೊಂದನ್ನು ನೆಚ್ಚಿ ನಿಂತಿರುತ್ತದೆ.

ಆ ರಂಧ್ರವಿರುವುದು ಕಾರ್ಬ್ಯುರೇಟರಿನಲ್ಲಿ. ಅದು ಯಂತ್ರದ ಗಂಟಲು ಎನ್ನಬಹುದು. ಅದರ ಕೆಳಗೊಂದು ಪುಟ್ಟ ಬಟ್ಟಲು; ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟ್. ಯಂತ್ರ ಉಸಿರೆಳೆದಾಗ ‘ಜೆಟ್’ ಎಂಬ ಹಿತ್ತಾಳೆಯ ಸಣ್ಣ ತೂತಿನಿಂದ ಪೆಟ್ರೋಲು ಚಿಮ್ಮಿ ಗಾಳಿಯೊಡನೆ ಬೆರೆಯುತ್ತದೆ. ಫ್ಲೋಟ್ ಉಳ್ಳ ಈ ಬಗೆಯನ್ನು ಜರ್ಮನಿಯ ವಿಲ್‌ಹೆಲ್ಮ್ ಮೇಬಾಕ್ 1893ರ ಹೊತ್ತಿಗೆ ರೂಪಿಸಿದ್ದನು.

ಎರಡನೆಯ ಸಿಂಪರಣೆ ಮುಗಿದೊಡನೆ ಪಂಪು ಅಟ್ಟಕ್ಕೇರುತ್ತದೆ. ಬಟ್ಟಲಿನಲ್ಲಿ ಉಳಿದ ಪೆಟ್ರೋಲಿನ ಗೊಡವೆ ಯಾರಿಗೂ ಇಲ್ಲ. ಎಂಟೊಂಬತ್ತು ತಿಂಗಳಲ್ಲಿ ಅದರ ಹಗುರ ಅಂಶ ಹಾರಿಹೋಗಿ, ಉಳಿದುದು ಗಾಳಿಯ ಸಂಗದಿಂದ ಅಂಟಾಗಿ ಜೆಟ್ಟಿನ ಬಾಯಿ ಮುಚ್ಚುತ್ತದೆ. ಇಂದಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು. ಮಲೆನಾಡಿನಲ್ಲಿ ತೇವಕ್ಕೇನು ಬರಗಾಲವೆ?

ಚಿಕಿತ್ಸೆ ಕಷ್ಟದ್ದಲ್ಲ, ತಾಳ್ಮೆ ಬೇಕಷ್ಟೆ. ಬಚ್ಚಲೊಲೆಯಿಂದ ದೂರ, ಗಾಳಿಯಾಡುವ ಜಗಲಿಯಲ್ಲಿ ಕುಳಿತು ಮೊದಲು ಪೆಟ್ರೋಲ್ ಕಾಕ್ ಮುಚ್ಚಬೇಕು. ಬಟ್ಟಲು ಬಿಚ್ಚಿ ಹಳೆಯದನ್ನು ಚೆಲ್ಲದೆ ಡಬ್ಬಿಗೆ ಬಸಿದುಕೊಳ್ಳಬೇಕು. ಕಳಚಿದ ಒಂದೊಂದು ಭಾಗವನ್ನೂ ತಟ್ಟೆಯಲ್ಲಿ ಕ್ರಮವಾಗಿ ಇಡುವುದು ಜಾಣತನ. ಜೆಟ್ಟನ್ನು ಬಿಚ್ಚಿ ಬೆಳಕಿಗೆ ಹಿಡಿದರೆ ತೂತು ಕಾಣಬೇಕು. ಕಾಣದಿದ್ದರೆ ರೋಗ ಸಿಕ್ಕಂತೆಯೆ. ಕಾರ್ಬ್ಯುರೇಟರ್ ತೊಳೆಯುವ ದ್ರವವನ್ನು ಸಿಂಪಡಿಸಿ, ಅಂಟು ಕರಗುವವರೆಗೆ ಬಿಟ್ಟು, ಗಾಳಿ ಹೊಡೆಯಬೇಕು. ರಬ್ಬರಿನ ಭಾಗಗಳಿಗೆ ಆ ದ್ರವ ಸೋಕಬಾರದು.

ಇಲ್ಲಿ ಅವಸರದ ಮನೆಗಳಲ್ಲಿ ನಡೆಯುವ ಅನಾಹುತವೊಂದಿದೆ: ಹೆಂಗಸರ ಪೆಟ್ಟಿಗೆಯಿಂದ ಪಿನ್ನು ತಂದು ಜೆಟ್ಟಿಗೆ ಚುಚ್ಚುವುದು. ಮೆತುವಾದ ಹಿತ್ತಾಳೆಯ ತೂತು ಹಿರಿದಾದರೆ ಅಳತೆ ಕೆಟ್ಟಿತು. ಮುಂದೆ ಯಂತ್ರ ಹೆಚ್ಚು ಪೆಟ್ರೋಲು ಕುಡಿದು ಕರಿಹೊಗೆ ಉಗುಳುತ್ತದೆ. ಕಳೆ ಕತ್ತರಿಸುವ ಕೈಯಂತ್ರಗಳಲ್ಲಿ ಅನೇಕಕ್ಕೆ ಬಟ್ಟಲಿನ ಬದಲು ತೆಳುಪೊರೆ ಇರುತ್ತದೆ. ಅದನ್ನು ಬಲ್ಲ ಮೆಕ್ಯಾನಿಕನ ಕೈಗೆ ಕೊಡುವುದೇ ಮೇಲು.

ಈ ಎಲ್ಲ ಶ್ರಮವನ್ನೂ ಉಳಿಸುವ ಉಪಾಯ ಐದು ನಿಮಿಷದ್ದು. ಯಂತ್ರವನ್ನು ಎತ್ತಿಡುವ ದಿನ ಟ್ಯಾಂಕನ್ನು ಬರಿದು ಮಾಡಿ, ಕಾಕ್ ಮುಚ್ಚಿ, ಬಟ್ಟಲಿನ ಪೆಟ್ರೋಲು ತೀರಿ ತಾನಾಗಿ ನಿಲ್ಲುವವರೆಗೂ ಓಡಿಸಿಬಿಡುವುದು. ಮಳೆಗೆ ಹದಿನೈದು ದಿನ ಮುಂಚೆಯೇ ಹೊಸ ಪೆಟ್ರೋಲು ಹಾಕಿ ಒಮ್ಮೆ ಪರೀಕ್ಷಿಸುವುದು. ಪಟ್ಟಣದ ಮನೆಯ ಮೂಲೆಯಲ್ಲಿ ಮಗನ ಬರವಿಗಾಗಿ ಕಾದಿರುವ ಹಳೆಯ ಸ್ಕೂಟರಿಗೂ ಈ ಮಾತು ಸಲ್ಲುತ್ತದೆ.

ಬಾಣಂತಿಗೆ ಪಥ್ಯ, ಬೀಜಕ್ಕೆ ಬೂದಿ, ಉಪ್ಪಿನಕಾಯಿಗೆ ಎಣ್ಣೆಯ ಪದರ ಎಂದು ನಮ್ಮ ಮನೆಗಳಲ್ಲಿ ಕಾಪಿಡುವ ವಿದ್ಯೆಗೇನೂ ಕೊರತೆಯಿಲ್ಲ. ಕೆಲಸ ಮುಗಿಸಿ ವಿಶ್ರಮಿಸಲು ಹೋಗುವ ಯಂತ್ರಕ್ಕೂ ಅದರಲ್ಲಿ ಒಂದಿಷ್ಟು ಪಾಲು ದೊರೆತರೆ, ಮುಂದಿನ ಮೃಗಶಿರೆಗೆ ಕೊನೆಗೌಡ ಮುಗಿಲು ನೋಡುತ್ತ ನಿಲ್ಲಬೇಕಾಗದು.