ಬುಡ ಕಡಿದವರ ಹೊಣೆ

ಗುಡ್ಡ ಕುಸಿದಾಗಲೆಲ್ಲ ‘ಪ್ರಕೃತಿ ವಿಕೋಪ’ ಎಂಬ ಸಿದ್ಧ ಉತ್ತರ ಕೇಳಿಬರುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಜರಿದು ರಸ್ತೆಬದಿಯ ಚಹಾ ಅಂಗಡಿಯ ಕುಟುಂಬವೇ ಮಣ್ಣುಪಾಲಾಯಿತು. ಗಂಗಾವಳಿ ನದಿಗೆ ಬಿದ್ದಿದ್ದ ಲಾರಿಯಿಂದ ಕೋಝಿಕ್ಕೋಡಿನ ಚಾಲಕನ ಶವ ದೊರೆತದ್ದು ಸೆಪ್ಟೆಂಬರ್ 25ರಂದು. ಅಷ್ಟು ದಿನ ಆ ಮನೆಯವರು ಹೇಗೆ ಕಾದಿರಬೇಕು!

ಮಳೆ ಸುರಿದದ್ದು ನಿಜ. ಆದರೆ ಹೆದ್ದಾರಿ ಅಗಲಿಸಲು ಗುಡ್ಡವನ್ನು ಕಡಿದಾಗಿ ಕೊರೆದದ್ದು ಮಳೆಯಲ್ಲ. ಬುಡದ ಆಸರೆ ತಪ್ಪಿದ ಮಣ್ಣಿನೊಳಗೆ ನೀರಿಳಿದರೆ ಭಾರ ಹೆಚ್ಚುತ್ತದೆ, ಹಿಡಿತ ಸಡಿಲುತ್ತದೆ. ಇಳಿಜಾರನ್ನು ಮೆಟ್ಟಿಲುಮೆಟ್ಟಿಲಾಗಿ ಕತ್ತರಿಸುವುದು, ನೆತ್ತಿಯಲ್ಲಿ ಚರಂಡಿ ತೋಡುವುದು, ತಡೆಗೋಡೆಯಲ್ಲಿ ನೀರು ಹೊರಹೋಗಲು ರಂಧ್ರ ಬಿಡುವುದು ಹೊಸ ವಿದ್ಯೆಯೇನಲ್ಲ. ರಂಧ್ರವಿಲ್ಲದ ಗೋಡೆ ಹಿಂದೆ ನಿಂತ ನೀರಿನ ಒತ್ತಡಕ್ಕೇ ಉರುಳಬಹುದು.

ಸೋಮನಾಥಪುರದಂಥ ಬಯಲು ಸೀಮೆಯವರಿಗೆ ಇದು ದೂರದ ಮಾತೆನಿಸಬಹುದು. ಆದರೆ 2018ರ ನವೆಂಬರ್ 24ರಂದು ನೆರೆಯ ಮಂಡ್ಯ ಜಿಲ್ಲೆಯ ಕನಗನಮರಡಿಯಲ್ಲಿ ತಡೆಗೋಡೆಯಿಲ್ಲದ ಏರಿಯಿಂದ ಬಸ್ಸು ವಿ.ಸಿ. ನಾಲೆಗೆ ಉರುಳಿ 30 ಮಂದಿ ಮೃತಪಟ್ಟರು. ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. ಪರಿಹಾರಧನ ಘೋಷಿಸುವ ಸರಕಾರಗಳು ಏರಿ, ಇಳಿಜಾರು, ಗೋಡೆಗಳನ್ನು ಮಳೆಗಾಲಕ್ಕೆ ಮುನ್ನವೇ ಪರೀಕ್ಷಿಸಿ, ಆ ವರದಿಯನ್ನು ಆಯಾ ಗ್ರಾಮ ಪಂಚಾಯತಿಯ ಫಲಕದಲ್ಲಿ ಪ್ರಕಟಿಸಲಿ. ಗುತ್ತಿಗೆದಾರನ ಹೆಸರೂ ಅದರಲ್ಲಿರಲಿ.