ಇಂಗ್ಲೀಷು ಕಲಿಸುವ ಯಂತ್ರಗಳೂ ಮನೆಯವರೂ

ಈಚೆಗೆ ಅನೇಕ ಗೃಹಸ್ಥರು ತಮ್ಮ ಮನೆಯ ಮಗುವನ್ನು ನಮ್ಮೆದುರಿಗೆ ನಿಲ್ಲಿಸಿ ಇಂಗ್ಲೀಷು ಶಿಶುಗೀತೆಯನ್ನು ಹಾಡಿಸುವುದುಂಟು. ಮಗುವು ಮೊಬೈಲಿನ ಪರದೆಯಲ್ಲಿ ನೋಡಿ ಕಲಿತ ಹಾಡನ್ನು, ಸಮುದ್ರದಾಚೆಯವರ ಧಾಟಿಯನ್ನೇ ಅನುಸರಿಸಿ, ಒಂದಕ್ಷರವೂ ತಪ್ಪದೆ ಹಾಡಿಬಿಡುತ್ತದೆ. ತಂದೆತಾಯಿಗಳ ಸಂತೋಷಕ್ಕೆ ಪಾರವಿರುವುದಿಲ್ಲ. ಹಾಡು ಮುಗಿದ ಬಳಿಕ, ಅದರೊಳಗಿನ ಮಾತುಗಳಿಂದಲೇ ನಾವೊಂದು ಪ್ರಶ್ನೆಯನ್ನು ಕಟ್ಟಿ ಕೇಳಿದೆವೆಂದರೆ, ಮಗುವು ತಾಯಿಯ ಸೆರಗನ್ನು ಹಿಡಿದುಕೊಂಡು ಸುಮ್ಮನಾಗುತ್ತದೆ. ಇದರಲ್ಲಿ ಮಗುವಿನ ದೋಷವೇನೂ ಇಲ್ಲ. ಆದರೆ ದಿನಕ್ಕೆ ಎರಡು ಗಂಟೆ ಪರದೆಯನ್ನು ನೋಡುತ್ತಿದ್ದರೆ ಇಂಗ್ಲೀಷು ತಾನಾಗಿ ಬಂದೀತೆಂಬ ನಂಬಿಕೆಯು ಮನೆಮನೆಗೂ ಹಬ್ಬಿರುವುದರಿಂದ, ಈ ದೃಶ್ಯಶ್ರವ್ಯ ಸಾಧನಗಳು ಏನನ್ನು ಕೊಡಬಲ್ಲವು, ಏನನ್ನು ಕೊಡಲಾರವು ಎಂಬುದನ್ನು ಈ ತಿಂಗಳು ವಿಚಾರಮಾಡಬೇಕೆಂದಿದ್ದೇವೆ.

ಮೊದಲು ಕೊಡುವುದನ್ನೇ ಹೇಳೋಣ, ಅದು ಅಲ್ಪವಾದುದಲ್ಲ. ಬಹುಕಾಲ ನಮ್ಮ ಕನ್ನಡ ಶಾಲೆಗಳಲ್ಲಿ ಇಂಗ್ಲೀಷು ಕಣ್ಣಿನ ವಿದ್ಯೆಯಾಗಿಯೇ ಇದ್ದಿತು. ಪುಸ್ತಕದಲ್ಲಿದ್ದುದನ್ನು ಉಪಾಧ್ಯಾಯನು ಓದುವನು, ಹುಡುಗರು ಒಪ್ಪಿಸುವರು. ವರ್ಷಗಟ್ಟಲೆ ವ್ಯಾಕರಣವನ್ನು ತಪ್ಪಿಲ್ಲದೆ ಬರೆದವರೂ ಕೆಲಸಕ್ಕಾಗಿ ನಾಲ್ವರೆದುರು ಕುಳಿತಾಗ ಮೂಕರಾಗುತ್ತಿದ್ದರು. ಆ ಅಪಮಾನದಿಂದ ಕುಗ್ಗಿಹೋದ ಬುದ್ಧಿವಂತ ಹುಡುಗರನ್ನು ನಾವು ಬಲ್ಲೆವು. ಪಾಣಿನೀಯ ಶಿಕ್ಷೆಯು ಅಧಮ ಪಾಠಕರು ಆರು ವಿಧವೆಂದು ಎಣಿಸುವಾಗ, ಬರೆದಿಟ್ಟುದನ್ನು ನೋಡಿ ಓದುವವನನ್ನೂ ಅವರಲ್ಲಿ ಸೇರಿಸುತ್ತದೆ. ಆ ಲೆಕ್ಕದಲ್ಲಿ ನಮ್ಮ ಪೂರ್ತಿ ತರಗತಿಯೇ, ಉಪಾಧ್ಯಾಯನೂ ಸೇರಿ, ಅಧಮರ ಪಂಕ್ತಿಗೆ ಸಲ್ಲುತ್ತಿದ್ದಿತು.

ತೈತ್ತಿರೀಯೋಪನಿಷತ್ತು ಉಚ್ಚಾರಣೆಯ ವಿದ್ಯೆಗೆ ವರ್ಣ, ಸ್ವರ, ಮಾತ್ರಾ, ಬಲ, ಸಾಮ, ಸಂತಾನ ಎಂದು ಆರು ಅಂಗಗಳನ್ನು ಹೇಳುತ್ತದೆ. ಇವುಗಳಲ್ಲಿ ಪುಸ್ತಕವು ಕೊಡಬಲ್ಲದು ವರ್ಣವೊಂದನ್ನು ಮಾತ್ರ. ಇಂಗ್ಲೀಷಿನ ಕಾಗುಣಿತವು ಅದನ್ನೂ ನೆಟ್ಟಗೆ ಕೊಡುವುದಿಲ್ಲ. ಇಂಗ್ಲೀಷಿನ ಜೀವವಿರುವುದು ಬಲದಲ್ಲಿ, ಎಂದರೆ ಯಾವ ಅಕ್ಷರವನ್ನು ಒತ್ತಿ ಯಾವುದನ್ನು ಸಡಿಲಿಸಬೇಕೆಂಬುದರಲ್ಲಿ. 'ಫೋಟೋಗ್ರಾಫ್' ಎಂಬಲ್ಲಿ ಬಲವು ಮೊದಲಿನ ಅಕ್ಷರದ ಮೇಲಿದೆ. 'ಫಟಾಗ್ರಫಿ' ಎಂದೊಡನೆ ಅದು ಎರಡನೆಯದಕ್ಕೆ ಹಾರಿ, ಮೊದಲಿನ 'ಫೋ' ಕುಗ್ಗಿ ಬರಿಯ 'ಫ' ಆಗುತ್ತದೆ. ತರಕಾರಿಯ ಹೆಸರನ್ನು ನಾವು 'ವೆಜಿಟೇಬಲ್' ಎಂದು ನಾಲ್ಕು ಭಾಗಗಳನ್ನೂ ತುಂಬಿ ಹೇಳುತ್ತೇವೆ; ಅವರ ಬಾಯಲ್ಲಿ ಅದು 'ವೆಜ್‌ಟಬಲ್' ಎಂದು ಮೂರಕ್ಕಿಳಿಯುತ್ತದೆ. ಕನ್ನಡಿಗರಾದ ನಾವು ಪಂಕ್ತಿಭೋಜನದಲ್ಲಿ ಬಡಿಸಿದಂತೆ ಎಲ್ಲ ಅಕ್ಷರಗಳಿಗೂ ಸಮನಾಗಿ ಬಲವನ್ನು ಹಂಚುವವರು. ಇದು ನಮ್ಮ ಭಾಷೆಯ ಧರ್ಮ, ಇದಕ್ಕಾಗಿ ನಾಚಬೇಕಾದುದಿಲ್ಲ. ಆದರೆ ಅವರ ಮಾತು ನಮ್ಮ ಕಿವಿಗೆ ತಿಳಿಯಬೇಕಾದರೆ ಅವರ ಬಡಿಸುವ ಕ್ರಮವನ್ನು ಕೇಳಿಯೇ ಅರಿಯಬೇಕು. ಹಳ್ಳಿಯ ಶಾಲೆಯಲ್ಲಿ ಅದನ್ನು ಕೇಳಿಸುವವರು ಯಾರಿದ್ದರು? ಈಗ ಯಂತ್ರವು ಕೇಳಿಸುತ್ತದೆ. ಬೇಸರವಿಲ್ಲದೆ ನೂರು ಸಲ ಕೇಳಿಸುತ್ತದೆ.

ಚಿತ್ರದ ಉಪಯೋಗವೂ ಕೇವಲ ವಿನೋದವಲ್ಲ. ಇಂಗ್ಲೀಷಿನಲ್ಲಿ ನಮ್ಮ ವಕಾರಕ್ಕೆ ಎದುರಾಗಿ ಎರಡು ವರ್ಣಗಳಿವೆ. ಒಳ ಅಂಗಿಯ 'ವೆಸ್ಟ್' ಹೇಳುವಾಗ ಮೇಲಿನ ಹಲ್ಲು ಕೆಳತುಟಿಯನ್ನು ಮುಟ್ಟುತ್ತದೆ. ನಮ್ಮ ಶಿಕ್ಷಾಕಾರರು ವಕಾರವನ್ನು ದಂತೋಷ್ಠ್ಯವೆಂದುದು ಇದನ್ನೇ. ಪಶ್ಚಿಮ ದಿಕ್ಕಿನ 'ವೆಸ್ಟ್' ಹೇಳುವಾಗ ಹಲ್ಲಿಗೆ ಕೆಲಸವಿಲ್ಲ, ಊದುವವನಂತೆ ತುಟಿಗಳು ದುಂಡಾಗುತ್ತವೆ. ಇದನ್ನು ಎಷ್ಟು ವಿವರಿಸಿದರೂ ತಿಳಿಯದ ಮಗುವು ಪರದೆಯ ಮೇಲೆ ಮಾತಾಡುವವರ ತುಟಿಯನ್ನು ಒಮ್ಮೆ ನೋಡಿ, ತನ್ನ ತುಟಿಯನ್ನು ಕನ್ನಡಿಯಲ್ಲಿ ನೋಡಿಕೊಂಡರೆ, ತಾನೇ ತಿದ್ದಿಕೊಳ್ಳುತ್ತದೆ. ಮೊಬೈಲಿನ ಪಕ್ಕದಲ್ಲಿ ಒಂದು ಸಣ್ಣ ಕನ್ನಡಿಯಿರುವುದು ಒಳ್ಳೆಯದೆಂದು ನಾವು ಹೇಳುವೆವು. ಕುಣಿಯುವ ಬೊಂಬೆಗಳ ಚಿತ್ರಗಳಲ್ಲಿ ಮಾತ್ರ ಈ ಪ್ರಯೋಜನವಿಲ್ಲ. ಬೊಂಬೆಯ ಬಾಯಿ ಬರಿದೇ ತೆರೆದು ಮುಚ್ಚುತ್ತದೆ.

ಇನ್ನು ಕೊಡಲಾರದ ಸಂಗತಿ. ಧ್ವನಿಯನ್ನು ಮುದ್ರಿಸಿ ಭಾಷೆಯನ್ನು ಕಲಿಸುವ ಯತ್ನವು ಹೊಸದಲ್ಲ; ಲಂಡನ್ನಿನ ಲಿಂಗ್ವಾಫೋನ್ ಸಂಸ್ಥೆಯು 1901ರಲ್ಲಿಯೇ ಹುಟ್ಟಿತು. ಯಂತ್ರವು ಹೇಳುತ್ತಲೇ ಹೋಗುತ್ತದೆ, ಕೇಳುವವನು ಏನು ಮಾಡುತ್ತಿದ್ದಾನೆಂಬುದು ಅದಕ್ಕೆ ಬೇಕಿಲ್ಲ ಎಂಬ ಕೊರತೆಯೂ ಅಷ್ಟೇ ಹಳೆಯದು. ಇದನ್ನು ಮನಗಂಡು 1980ರಿಂದ 1985ರವರೆಗೆ ಆಫ್ರಿಕದ ಕೆನ್ಯಾ ದೇಶದಲ್ಲಿ ಮೊದಲ ಮೂರು ತರಗತಿಗಳ ಮಕ್ಕಳಿಗೆ ರೇಡಿಯೋ ಮೂಲಕ ಇಂಗ್ಲೀಷು ಕಲಿಸುವ ಕಾರ್ಯಕ್ರಮವೊಂದನ್ನು ನಡೆಸಿದರು. ಅದರ ಯುಕ್ತಿಯು ಬಹಳ ಸರಳವಾದುದು. ರೇಡಿಯೋ ಒಂದು ಪ್ರಶ್ನೆಯನ್ನು ಕೇಳಿ ಕೆಲವು ಕ್ಷಣ ಮೌನವಾಗಿರುವುದು. ಆ ಮೌನದಲ್ಲಿ ತರಗತಿಯ ಮಕ್ಕಳು ಗಟ್ಟಿಯಾಗಿ ಉತ್ತರ ಹೇಳುವರು. ಬಳಿಕ ರೇಡಿಯೋ ಸರಿಯಾದ ಉತ್ತರವನ್ನು ನುಡಿಯುವುದು. ಪಾಠವೆಲ್ಲ ಇದ್ದುದು ಆ ಮೌನಗಳಲ್ಲಿ. ಇಂದಿನ ಥಳಕಿನ ಚಿತ್ರಪಾಠಗಳಲ್ಲಿ ಅಂಥ ಎಡೆಯೇ ಇಲ್ಲದಿರುವುದನ್ನು ಕಂಡಾಗ, ಸಾಮಗ್ರಿ ಬೆಳೆದಷ್ಟು ವಿವೇಕ ಬೆಳೆಯಲಿಲ್ಲವೆನಿಸುತ್ತದೆ.

ಎಳೆಯ ಶಿಶುಗಳ ವಿಷಯದಲ್ಲಂತೂ ಯಂತ್ರದ ಮಿತಿಯು ಸ್ಪಷ್ಟವಾಗಿ ಕಂಡುಬಂದಿದೆ. ಅಮೆರಿಕದ ಪೆಟ್ರೀಷಿಯಾ ಕೂಲ್ ಎಂಬ ವಿದುಷಿಯೂ ಅವರ ಸಂಗಡಿಗರೂ ಒಂಬತ್ತು ತಿಂಗಳಿನ ಶಿಶುಗಳಿಗೆ ಚೀನೀ ಭಾಷೆಯನ್ನು ಹನ್ನೆರಡು ಸಲ ಕೇಳಿಸಿ, 2003ರಲ್ಲಿ ಫಲವನ್ನು ಪ್ರಕಟಿಸಿದರು. ಕೆಲವು ಶಿಶುಗಳೊಡನೆ ಚೀನೀಯರೇ ನೆಲದಲ್ಲಿ ಕುಳಿತು ಆಟವಾಡುತ್ತ ಮಾತಾಡಿದರು; ಕೆಲವಕ್ಕೆ ಅದೇ ಜನರ ಚಲಚ್ಚಿತ್ರವನ್ನು ತೋರಿಸಲಾಯಿತು; ಕೆಲವಕ್ಕೆ ಧ್ವನಿಯನ್ನು ಮಾತ್ರ ಕೇಳಿಸಲಾಯಿತು. ಇಂಗ್ಲೀಷಿನಲ್ಲಿಲ್ಲದ ಚೀನೀ ವರ್ಣಭೇದವನ್ನು ಮೊದಲಿನ ಶಿಶುಗಳು ಗ್ರಹಿಸಿದವು. ಉಳಿದವು ಏನನ್ನೂ ಗ್ರಹಿಸಲಿಲ್ಲ. ಅದೇ ವಿದುಷಿಯ ಬಳಗವು 2018ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗವು ಮತ್ತಷ್ಟು ಸ್ವಾರಸ್ಯವಾಗಿದೆ: ಪರದೆಯೆದುರು ಒಂಟಿಯಾಗಿ ಕುಳಿತ ಶಿಶುವಿಗಿಂತ, ಪಕ್ಕದಲ್ಲಿ ಇನ್ನೊಂದು ಶಿಶುವಿದ್ದಾಗ ಕಲಿಕೆ ಮೇಲಾಯಿತು. ಆ ಜೊತೆಯ ಶಿಶುವಿಗೆ ಚೀನೀ ಭಾಷೆ ಬರುತ್ತಿತ್ತೆ? ಅದಕ್ಕೆ ಯಾವ ಭಾಷೆಯೂ ಇನ್ನೂ ಬಂದಿರಲಿಲ್ಲ! ಶಾಲೆಯ ಮಕ್ಕಳು ಶಿಶುಗಳಲ್ಲವೆಂಬುದು ನಿಜ. ಆದರೂ ಪಕ್ಕದಲ್ಲಿ ಕುಳಿತವರ ಬೆಲೆಯನ್ನು ಇದು ತಕ್ಕಮಟ್ಟಿಗೆ ತಿಳಿಸುತ್ತದೆ.

ನಾವು ಮುಖ್ಯವಾಗಿ ಹೇಳಬೇಕೆಂದಿರುವುದು ಇಲ್ಲಿದೆ. "ನಮಗೆ ಇಂಗ್ಲೀಷು ಬಾರದು, ಆದಕಾರಣ ಮಗುವಿಗೆ ಮೊಬೈಲನ್ನು ಕೊಟ್ಟು ನಾವು ದೂರ ನಿಲ್ಲುತ್ತೇವೆ" ಎಂದು ಹೇಳುವ ತಾಯಂದಿರು ಅನೇಕರು. ಅವರು ಹಾಗೆ ದೂರ ನಿಲ್ಲುವುದೇ ದೊಡ್ಡ ನಷ್ಟ. ಬಾರದವರಿಂದಲೇ ಆಗುವ ಕೆಲಸವೊಂದುಂಟು. ಎರಡು ಮೂರು ನಿಮಿಷದ ಸಣ್ಣ ಕಥಾಚಿತ್ರವೊಂದನ್ನು ಆರಿಸಿಕೊಂಡು ಮಗುವಿನ ಜೊತೆಯಲ್ಲಿ ಕುಳಿತು ಒಮ್ಮೆ ಪೂರ್ತಿ ನೋಡಿರಿ. ಬಳಿಕ "ಆ ಹುಡುಗಿ ಅವನಿಗೆ ಏನೆಂದಳು? ಅವನು ಏಕೆ ಮುನಿದುಕೊಂಡ?" ಎಂದು ಕನ್ನಡದಲ್ಲಿಯೇ ಕೇಳಿರಿ. ನಿಮಗೆ ನಿಜವಾಗಿ ತಿಳಿಯದೆ ಕೇಳುತ್ತಿರುವುದರಿಂದ ಮಗುವು ಗಂಭೀರವಾಗಿ ಹೇಳುತ್ತದೆ. ಹೇಳಬೇಕೆಂದೇ ಇನ್ನೊಮ್ಮೆ ಕಿವಿಗೊಟ್ಟು ಕೇಳುತ್ತದೆ. ಎರಡನೆಯ ಸಲ ಒಂದೊಂದು ಮಾತಿಗೂ ಯಂತ್ರವನ್ನು ನಿಲ್ಲಿಸಿ, ಕೆನ್ಯಾದ ರೇಡಿಯೋ ಬಿಟ್ಟಂತೆ ಎಡೆಬಿಟ್ಟು, ಮಗುವಿನಿಂದ ಹೇಳಿಸಿರಿ. ಕೊನೆಗೆ ಅದೇ ಮಾತು ಮನೆಯೊಳಗೆ ಸಂಚರಿಸಲಿ. ಮಗುವು ಅಜ್ಜಿಯ ಬಳಿಗೆ ಹೋಗಿ "ವಾಟ್ ಡು ಯು ವಾಂಟ್?" ಎಂದು ಕೇಳಲಿ. ಅಜ್ಜಿಯು "ಕಾಫಿ" ಎಂದರೆ ಸಾಕು, ಅದು ಎರಡು ಭಾಷೆಗಳಿಗೂ ಸಲ್ಲುವ ಉತ್ತರ. ಆ ಕಾಫಿಯನ್ನು ಮಗುವು ನಿಜವಾಗಿ ತಂದುಕೊಡಲಿ.

ಇದರಲ್ಲಿ ಒಂದು ಎಚ್ಚರವಿರಬೇಕು. ನಾಲ್ಕು ಮಾತು ಕಲಿತ ಮಗುವು ತಾಯಿಯ 'ಬಸ್ಸು', 'ಬುಕ್ಕು'ಗಳನ್ನು ಕೇಳಿ ನಗತೊಡಗುವುದುಂಟು. ಪದಾಂತ್ಯಕ್ಕೆ ಸ್ವರವನ್ನು ಸೇರಿಸುವುದು ಕನ್ನಡದ ನಿಯಮ, ತಾಯಿಯ ಅಜ್ಞಾನವಲ್ಲ ಎಂಬುದನ್ನು ತಂದೆಯಾದವನು ಅಂದೇ ಮಗುವಿಗೆ ತಿಳಿಸಬೇಕು. ತಂದೆಯೂ ಜೊತೆಗೂಡಿ ನಕ್ಕರೆ ಆ ತಾಯಿ ಮತ್ತೆ ಪಕ್ಕದಲ್ಲಿ ಕುಳಿತುಕೊಳ್ಳುವುದಿಲ್ಲ.

ಸ್ವಲ್ಪ ಬಲ್ಲ ಹಿರಿಯ ಮಕ್ಕಳು ಇಂಗ್ಲೀಷು ಚಲಚ್ಚಿತ್ರವನ್ನು ನೋಡುವಾಗ, ಕೆಳಗೆ ಮೂಡುವ ಅಕ್ಷರಗಳೂ ಇಂಗ್ಲೀಷಿನಲ್ಲಿಯೇ ಇರಲಿ. ಹಾಲೆಂಡಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಅಪರಿಚಿತ ಧಾಟಿಯ ಇಂಗ್ಲೀಷನ್ನು ಇಂಗ್ಲೀಷು ಅಕ್ಷರಗಳ ಸಹಾಯದಿಂದ ಕೇಳಿದವರ ಕಿವಿ ಪಳಗಿತು; ತಮ್ಮ ಭಾಷೆಯ ಅನುವಾದವನ್ನು ಓದಿಕೊಂಡವರಿಗೆ ಅದು ತೊಡಕೇ ಆಯಿತು. ಲಿಖಿತಪಾಠಕನನ್ನು ಹಳಿದ ಶಿಕ್ಷಾಕಾರರೂ ಇದನ್ನು ಒಪ್ಪುತ್ತಿದ್ದರೆಂದು ತೋರುತ್ತದೆ. ಇಲ್ಲಿ ಧ್ವನಿಯೇ ಗುರು, ಲಿಪಿಯು ಅದರ ಹಿಂದೆ ನಡೆಯುವ ಶಿಷ್ಯ.

ಮಗುವಿನ ಮಾತನ್ನು ಕೇಳಿ ಉತ್ತರಕೊಡುವ, ಉಚ್ಚಾರಣೆಗೆ ಅಂಕಗಳನ್ನೂ ಹಾಕುವ ಯಂತ್ರಗಳು ಈಗ ಬಂದಿವೆ. ನಾಚಿಕೆಯ ಹುಡುಗರಿಗೆ ಇವು ಉಪಕಾರಿ. ತಪ್ಪಿದರೆ ಇವು ನಗುವುದಿಲ್ಲ. ಆದರೆ ಆ ಅಂಕಗಳನ್ನು ಪರೀಕ್ಷೆಯ ಅಂಕಗಳೆಂದು ಭಾವಿಸಿ ಮನೆಯಲ್ಲಿ ರಂಪಮಾಡಬೇಡಿರಿ. ಮತ್ತೊಂದು ಮಾತು: ಕಿವಿಗೆ ಸಿಕ್ಕಿಸಿಕೊಳ್ಳುವ ಸಾಧನವನ್ನು ಪಾಠದ ಹೊತ್ತಿನಲ್ಲಿ ಮಗುವಿಗೆ ಕೊಡಬಾರದು. ಧ್ವನಿಯು ಹಜಾರದಲ್ಲಿ ಕೇಳಿಸುತ್ತಿರಲಿ. ಅಡಿಗೆಮನೆಯಲ್ಲಿರುವವರ ಕಿವಿಗೂ ಅದು ಬೀಳಲಿ.